ತೊಟ್ಟಿಲ ಸುತ್ತ ಎರಡು ಬಳಗ



ಧಾರವಾಡ ಸೀಮೆಯಲ್ಲಿ ಕೂಸಿಗೆ ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಹೆಸರನ್ನು ಮನೆಯ ಹಿರಿಯರು ಗೊತ್ತುಮಾಡಿರಬಹುದು, ಮಠದ ಸ್ವಾಮಿಗಳೋ ಜೋಯಿಸರೋ ಅಕ್ಷರ ತೆಗೆದುಕೊಟ್ಟಿರಬಹುದು. ಆದರೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಆ ಹೆಸರನ್ನು ಮೊದಲು ನುಡಿಯುವವಳು ಅಪ್ಪನ ಅಕ್ಕ ಅಥವಾ ತಂಗಿ. ಸುತ್ತ ನಿಂತ ಹೆಂಗಸರು ಬೆನ್ನಿಗೆ ಕೊಡುವ ಗುದ್ದನ್ನು ತಿನ್ನುವವಳೂ ಅವಳೇ. ನಾನು ಇದನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದವಳು. ಈ ಶಾಸ್ತ್ರದ ಒಳಗೆ ಒಂದು ಹಂಚಿಕೆ ಇದೆ. ಹಡೆದವಳು ತಾಯಿ, ಬಾಣಂತನ ಮಾಡಿದ್ದು ತಾಯಿಯ ತವರು, ಎಷ್ಟೋ ಸಲ ತೊಟ್ಟಿಲು ತೂಗುವುದೂ ತವರಿನ ತೊಲೆಗೇ. ಹೆಸರು ಮಾತ್ರ ಅಪ್ಪನ ಕಡೆಯಿಂದ ಬರುತ್ತದೆ.

ಒಂದೇ ಜಾತಿಯ, ಒಂದೇ ಭಾಷೆಯ ಬೀಗರ ನಡುವೆ ಈ ಏರುಪೇರು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯೂ ಬಸಪ್ಪಗಳು, ಇಲ್ಲಿಯೂ ಬಸಪ್ಪಗಳು. ಯಾರ ಅಜ್ಜನ ಹೆಸರಿಟ್ಟರೂ ಕೇಳುವವರಿಗೆ ಒಂದೇ. ಗಂಡ ಒಂದು ಧರ್ಮದಿಂದ, ಹೆಂಡತಿ ಇನ್ನೊಂದರಿಂದ ಬಂದಾಗ, ಒಬ್ಬರದು ಕೊಂಕಣಿ ಇನ್ನೊಬ್ಬರದು ತಮಿಳು ಆದಾಗ, ಅಥವಾ ಇಬ್ಬರೂ ಎರಡು ದೇಶದವರಾದಾಗ, ಹೆಸರು ಯಾರ ಅಂಗಳದ್ದು ಎಂಬುದು ಮೊದಲ ಕೂಗಿಗೇ ಓಣಿಗೆಲ್ಲ ತಿಳಿದುಬಿಡುತ್ತದೆ. ಇಂದು ನಾನು ಮಾತಾಡಲು ಆರಿಸಿಕೊಂಡದ್ದು ಅಂಥ ಮನೆಗಳ ಬಗ್ಗೆ. ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಡ್ಡಹೆಸರು ಯಾರನ್ನೂ ಕೇಳದೆ ತಂದೆಯ ಕಡೆಯಿಂದ ಬಂದು ಕೂರುವ ಮನೆಯಲ್ಲಿ, ಮಗುವಿನ ಸ್ವಂತ ಹೆಸರನ್ನು ಆರಿಸುವ ಮೊದಲ ಹಕ್ಕು ತಾಯಿಯ ಕಡೆಯವರಿಗೆ ಸಲ್ಲಬೇಕು.

ಮಿಶ್ರ ವಿವಾಹದ ಮನೆಗಳಲ್ಲಿ ಹೆಸರಿನ ಬಗ್ಗೆ ನಡೆದ ಜಗಳಗಳನ್ನು ಬಹಳ ಕೇಳಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಮೊದಲ ಪದದ ಬಗ್ಗೆ. ಡಿಸೋಜ, ಪಾಟೀಲ, ಖಾನ್, ಅಯ್ಯರ್ ಎಂಬ ಎರಡನೆಯ ಪದ ಮಾತಿಗೇ ಬರುವುದಿಲ್ಲ. ಅದು ಮದುವೆಯ ದಿನವೇ ತೀರ್ಮಾನವಾದಂತೆ. ಹೀಗೆ ಅರ್ಧ ಹೆಸರನ್ನು ಒಂದು ಕಡೆಗೆ ಮೊದಲೇ ಬರೆದುಕೊಟ್ಟು, ಉಳಿದರ್ಧವನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳೋಣ ಎನ್ನುತ್ತಾರೆ. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬಾರದು. ಹಳೆ ಮೈಸೂರಿನ ಕಡೆ ಅಡ್ಡಹೆಸರಿನ ರೂಢಿ ಕಡಿಮೆ, ಇನಿಶಿಯಲ್ಲುಗಳು ಹೆಚ್ಚು. ಆದರೆ ಆ ಅಕ್ಷರಗಳೂ ಊರಿನವು, ತಂದೆಯವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರಿದೆ, ತಂದೆ ಇದ್ದಾರೆ.

ಕನ್ನಡದಲ್ಲಿ ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ನಾಡಿಗೆಲ್ಲ ಪರಿಚಿತರಾದವರು ಬೇಂದ್ರೆ. ಮನೆಮಾತು ಮರಾಠಿ, ಬರೆದದ್ದು ಕನ್ನಡ. ಸರಕಾರಿ ಕಾಗದದಲ್ಲಿ ತಂದೆ ರಾಮಚಂದ್ರರ ಹೆಸರು ಹೊತ್ತ ದತ್ತಾತ್ರೇಯ ರಾಮಚಂದ್ರ ಬೇಂದ್ರೆ; ಕವಿತೆಯ ಕೆಳಗೆ ಅಂಬಿಕಾತನಯದತ್ತ. ಕಾಗದ ಕೊಡದ ಜಾಗವನ್ನು ಅವರು ಕಾವ್ಯದಲ್ಲಿ ತಾಯಿಗೆ ಮಾಡಿಕೊಟ್ಟರು ಎಂದು ನಾನು ಓದಿಕೊಳ್ಳುತ್ತೇನೆ. ಎಲ್ಲ ಮಕ್ಕಳೂ ಕವಿಗಳಾಗುವುದಿಲ್ಲ. ಆ ಜಾಗ ಕಾಗದದಲ್ಲೇ ಸಿಗಬೇಕು.

ಕಾಗದ ಎಂದೆ. ಹಿಂದೆ ನಮ್ಮಲ್ಲಿ ಒಂದು ಮಗುವಿಗೆ ಒಂದೇ ಹೆಸರು ಎಂಬ ನಿಯಮ ಇರಲಿಲ್ಲ. ವೈದಿಕ ನಾಮಕರಣದಲ್ಲಿ ಕುಲದೇವರ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯವಹಾರದ ಹೆಸರು ಎಂದು ಬೇರೆ ಬೇರೆ ಇದ್ದವು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಎತ್ತಬಾರದು ಎಂಬ ಕಟ್ಟಿದ್ದ ಮನೆಗಳಲ್ಲಿ ಮೊಮ್ಮಗನಿಗೆ ಅದೇ ಹೆಸರಿಟ್ಟು, ತಾಯಿ ಮಾತ್ರ ಅವನನ್ನು ಅಜ್ಜಪ್ಪ ಎಂದೋ ಅಪ್ಪಣ್ಣ ಎಂದೋ ಕರೆಯುತ್ತಿದ್ದಳು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಇಗರ್ಜಿಯ ಪುಸ್ತಕದಲ್ಲಿ ಇಗ್ನೇಷಿಯಸ್ ಆಗಿರುವವನು ಮನೆಯಲ್ಲಿ ಇನಾಸ್. ಕೊಡವರಲ್ಲಿ ಮನೆತನದ ಹೆಸರು ಮುಂದೆ, ವ್ಯಕ್ತಿಯ ಹೆಸರು ಹಿಂದೆ: ಕೋಡಂದೇರ ಕಾರ್ಯಪ್ಪ. ತುಳುವರಲ್ಲಿ ಅಪ್ಪನ ಆಸ್ತಿಗಿಂತ ಮುಖ್ಯವಾದ ‘ಬರಿ’ ಎಂಬ ಕುಲದ ಗುರುತು ತಾಯಿಯಿಂದಲೇ ಮಕ್ಕಳಿಗೆ ಬರುತ್ತಿತ್ತು. ಕೊಡವರಲ್ಲಿ ಮಕ್ಕಪರಿಜೆ ಎಂಬ ಮದುವೆಯ ಕಟ್ಟಳೆಯೇ ಇದೆ. ಗಂಡು ದಿಕ್ಕಿಲ್ಲದೆ ನಿಂತುಹೋಗುವ ಒಕ್ಕದ, ಅಂದರೆ ಮನೆತನದ, ಮಗಳಿಗೆ ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೇ ಸೇರಿ ಆ ಮನೆಯ ಹೆಸರನ್ನು ಮುಂದುವರಿಸಲು ಅದು ಹಾದಿ. ತಾಯಿಯ ಕಡೆಯ ಹೆಸರು ಹೊರುವುದು ಹೊಸಕಾಲದ ಹಟ ಎಂದು ಯಾರಾದರೂ ಅಂದರೆ ನಾನು ಕೊಡಗಿನ ಕಡೆಗೆ ಕೈತೋರಿಸುತ್ತೇನೆ.

ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂತು. ಶಾಲೆ, ಪಡಿತರ ಚೀಟಿ, ಪಾಸ್‌ಪೋರ್ಟ್, ಆಧಾರ್ ಒಂದೊಂದಾಗಿ ಸೇರಿಕೊಂಡವು. ಎಲ್ಲೆಡೆ ಅಕ್ಷರ ಅಕ್ಷರವೂ ಹೊಂದಬೇಕಾದ ಒಂದೇ ಹೆಸರು. ಇದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಜನನ ಪ್ರಮಾಣಪತ್ರವಿಲ್ಲದ ಮಗುವಿನ ಪಾಡು ಏನೆಂದು ಶಿಕ್ಷಕಿಯಾಗಿ ಬಲ್ಲೆ. ಆದರೆ ಇಬ್ಬರು ಅಜ್ಜಿಯರು ಎರಡು ಹೆಸರಿಟ್ಟು ಸುಖವಾಗಿರಬಹುದಾಗಿದ್ದ ಕಡೆ, ಒಂದೇ ಅಂಕಣ ಬಂದು ಇಬ್ಬರನ್ನೂ ಎದುರುಬದುರು ನಿಲ್ಲಿಸಿತು.

ಈ ಜಗಳದ ಇನ್ನೊಂದು ಕಾರಣ ಇದಕ್ಕಿಂತ ಆಳದ್ದು, ಮತ್ತು ಅದರ ಬಗ್ಗೆ ಯಾರೂ ಮಾತಾಡುವುದು ಕಾಣೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಹೆಸರಿಗೆ ಸರದಿ ಇದೆ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಹೆಣ್ಣುಮಕ್ಕಳಿಗೂ ಅಜ್ಜಿಯರ ಹೆಸರು ಇದೇ ಕ್ರಮದಲ್ಲಿ. ಬರೆದಿಟ್ಟ ಕ್ರಮವಿಲ್ಲದಿದ್ದರೂ ನಮ್ಮ ಹಲವು ಸಮುದಾಯಗಳ ಮನಸ್ಸಿನಲ್ಲಿ ಇಂಥ ಸರದಿಯೇ ಇತ್ತು. ಐದಾರು ಮಕ್ಕಳಿದ್ದ ಮನೆಯಲ್ಲಿ ತಾಯಿಯ ಕಡೆಯವರು ಕಾದಿದ್ದರೆ ಸಾಕಿತ್ತು, ಸರದಿ ಬಂದೇ ಬರುತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಎಷ್ಟೋ ಮನೆಗಳಲ್ಲಿ ಎರಡನೆಯ ಸರದಿ ಬರುವುದೇ ಇಲ್ಲ. ಎರಡು ಮನೆತನಗಳ ಅಷ್ಟೂ ಹಿರಿಯರು ಒಂದೇ ತೊಟ್ಟಿಲಿಗೆ ಮುತ್ತುತ್ತಾರೆ. ಹಿಂದಿನವರು ದೊಡ್ಡ ಮನಸ್ಸಿನವರು, ಈಗಿನವರು ಹಟಮಾರಿಗಳು ಎಂಬ ಮಾತು ಅದಕ್ಕೇ ಸರಿಯಲ್ಲ. ಅವರಿಗೆ ಕಾಯಲು ಅವಕಾಶವಿತ್ತು, ಇವರಿಗೆ ಇಲ್ಲ.

ನಮಗೆಲ್ಲ ಗೊತ್ತಿರುವ ಒಂದು ಮನೆಯನ್ನು ನೋಡೋಣ. ಗಿರೀಶ ಕಾರ್ನಾಡರು ಕೊಂಕಣಿ ಮಾತಿನ ಸಾರಸ್ವತರು; ಶಿರಸಿ, ಧಾರವಾಡಗಳಲ್ಲಿ ಬೆಳೆದು ಕನ್ನಡದ ನಾಟಕಕಾರರಾದರು. ಪತ್ನಿ ಡಾ. ಸರಸ್ವತಿ ಗಣಪತಿ ಅವರ ತಂದೆ ಕೊಡವರು, ತಾಯಿ ಕ್ಯಾಲಿಕಟ್ಟಿನ ಪಾರ್ಸಿ ಮನೆತನದವರು. ಮಗ ರಘು; ಗಿರೀಶರ ತಂದೆಯ ಹೆಸರು ರಘುನಾಥ. ಅಂದರೆ ‘ರಘು ಕಾರ್ನಾಡ್’ ಎಂದಾಗ ಎರಡೂ ಪದಗಳು ಕೇಳುಗನನ್ನು ಮುಲ್ಕಿಯ ಹತ್ತಿರದ ಕಾರ್ನಾಡಿನ ಕಡೆಗೇ ಕರೆದೊಯ್ಯುತ್ತವೆ. ಕೊಡಗೂ ಪಾರ್ಸಿ ಮನೆಯೂ ಆ ಹೆಸರಿನಲ್ಲಿ ಕಿವಿಗೆ ಬೀಳುವುದಿಲ್ಲ. ಈ ರಘು ಕಾರ್ನಾಡರು 2015ರಲ್ಲಿ ಬರೆದ ಮೊದಲ ಪುಸ್ತಕ ‘ಫಾರ್ದೆಸ್ಟ್ ಫೀಲ್ಡ್’. ಅದು ಯಾರ ಕಥೆ? ತಾಯಿಯ ಕಡೆಯ ಮೂವರು ತರುಣರ ಕಥೆ. ಒಬ್ಬರು ತಾಯಿಯ ತಂದೆ, ಕೊಡವ ವೈದ್ಯ ಗಣಪತಿ; ಒಬ್ಬರು ಅಜ್ಜಿಯ ತಮ್ಮ ಬಾಬಿ; ಇನ್ನೊಬ್ಬರು ಅಜ್ಜಿಯ ಅಕ್ಕನ ಮನೆಯ ನಂಟು, ವಿಮಾನ ಚಾಲಕ ಮಾನೆಕ್. ಮೂವರೂ ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡವರು, ಮನೆಯಲ್ಲಿ ಫೋಟೋಗಳಾಗಿ ಉಳಿದವರು. ಆ ಪುಸ್ತಕವನ್ನು ಓದುವಾಗ ನನಗೆ ಮತ್ತೆ ಮತ್ತೆ ಅನಿಸಿದ್ದು ಇದು: ಹೆಸರಿನಲ್ಲಿ ಜಾಗ ಸಿಕ್ಕ ಹಿರಿಯರನ್ನು ಮಗು ದಿನಾ ಹೊತ್ತು ತಿರುಗುತ್ತದೆ, ಹುಡುಕಬೇಕಿಲ್ಲ. ಜಾಗ ಸಿಗದವರನ್ನು ಹುಡುಕಲು ವರ್ಷಗಟ್ಟಲೆ ದಾಖಲೆಗಳನ್ನು ಕೆದಕಬೇಕು. ಯಾವ ತಂದೆತಾಯಿ ಯಾಕೆ ಆ ಹೆಸರಿಟ್ಟರು ಎಂದು ನಾನು ಇಲ್ಲಿ ತೀರ್ಪು ಕೊಡುತ್ತಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಚೆಲುವಾದ ಪದ್ಧತಿ. ಎರಡು ಪದಗಳೂ ಒಂದೇ ಕಡೆಗೆ ಹೋದಾಗ ಇನ್ನೊಂದು ಕಡೆಗೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಪಾರ್ಸಿಗಳಲ್ಲಿ ತಾಯಿಯ ಕಡೆಯ ಪಾಡು ಇನ್ನೂ ಕಠಿಣ. 1908ರ ಮುಂಬಯಿ ಹೈಕೋರ್ಟ್ ತೀರ್ಪಿನಲ್ಲಿ ನ್ಯಾಯಾಧೀಶರು ಪಾರ್ಸಿ ತಂದೆಯ ಮಕ್ಕಳಿಗೆ ಸಮುದಾಯದ ಬಾಗಿಲು ತೆರೆದಿಟ್ಟರು. ಹೊರಗೆ ಮದುವೆಯಾದ ಪಾರ್ಸಿ ತಾಯಿಯ ಮಕ್ಕಳನ್ನು ಸಮುದಾಯದ ನಡಾವಳಿ ಹೊರಗೇ ನಿಲ್ಲಿಸಿತು.

ಈಗ ದೂರದ ಒಂದು ಊರಿಗೆ ಹೋಗೋಣ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನ ರೈತ ತರುಣರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯಲು ನೆಲೆಸಿದರು. ಹೆಚ್ಚಿನವರು ಸಿಖ್ಖರು, ಕೆಲವರು ಮುಸಲ್ಮಾನರು, ಹಿಂದೂಗಳು. 1917ರ ವಲಸೆ ಕಾಯ್ದೆ ಬಂದ ಮೇಲೆ ಊರಿನಿಂದ ಹೆಂಡತಿಯನ್ನು ಕರೆತರುವ ದಾರಿ ಮುಚ್ಚಿತು. ಬಿಳಿಯ ಹೆಂಗಸರನ್ನು ಮದುವೆಯಾಗಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ಹೊಲಗಳಲ್ಲಿ ಜೊತೆಗೆ ದುಡಿಯುತ್ತಿದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಅವರು ಮದುವೆಯಾದರು. ಕ್ಯಾರೆನ್ ಲೆನರ್ಡ್ ಎಂಬ ವಿದ್ವಾಂಸೆ ಈ ಕುಟುಂಬಗಳ ಬಗ್ಗೆ 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಆ ಮಕ್ಕಳ ಹೆಸರುಗಳು ಹೇಗಿದ್ದವು? ಮೊದಲ ಪದ ಸ್ಪ್ಯಾನಿಷ್, ಎರಡನೆಯದು ಪಂಜಾಬಿ: ಮರಿಯಾ ಸಿಂಗ್, ಹೋಸೆ ಖಾನ್ ಎಂಬ ಬಗೆ. ಮಕ್ಕಳನ್ನು ಸಾಕಿದವರು ತಾಯಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು. ಜ್ಞಾನಸ್ನಾನ ಆದದ್ದು ಕ್ಯಾಥೊಲಿಕ್ ಚರ್ಚಿನಲ್ಲಿ. ಬಾಯಿಗೆ ಬಂದ ಮೊದಲ ಮಾತು ಸ್ಪ್ಯಾನಿಷ್. ಆದ್ದರಿಂದ ಕರೆಯುವ ಹೆಸರು ತಾಯಿಯ ಭಾಷೆಯದಾಯಿತು. ತಂದೆಯ ಸಿಂಗ್, ಚಂದ್, ರಾಯ್‌ಗಳು ಹಿಂದೆ ಉಳಿದವು. ಆ ಮನೆಗಳು ಆದರ್ಶ ಸಂಸಾರಗಳೇನೂ ಆಗಿರಲಿಲ್ಲ, ಜಗಳಗಳಿದ್ದವು, ವಿಚ್ಛೇದನಗಳಿದ್ದವು. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದು, 1965ರ ಬಳಿಕ ಪಂಜಾಬಿನಿಂದ ಹೊಸಬರು ಕುಟುಂಬ ಸಮೇತ ಬರತೊಡಗಿದಾಗ, ಇವರು ನಿಜವಾದ ಪಂಜಾಬಿಗಳೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಯಿತು. ಆದರೆ ಆ ಮಕ್ಕಳ ಹೆಸರು ಹೇಳಿದರೆ ಸಾಕು, ಇಬ್ಬರು ಪೋಷಕರೂ ಅದರಲ್ಲಿ ಇದ್ದರು.

ಈಚಿನ ಉದಾಹರಣೆ ಎಲ್ಲರಿಗೂ ಗೊತ್ತು. ಚೆನ್ನೈ ಮೂಲದ ಶ್ಯಾಮಲಾ ಗೋಪಾಲನ್ ಜಮೈಕಾದ ಡೊನಾಲ್ಡ್ ಹ್ಯಾರಿಸ್ ಅವರನ್ನು ಮದುವೆಯಾದರು. ಹೆಣ್ಣುಮಕ್ಕಳು ಕಮಲಾ ದೇವಿ ಹ್ಯಾರಿಸ್, ಮಾಯಾ ಲಕ್ಷ್ಮಿ ಹ್ಯಾರಿಸ್. ಅಡ್ಡಹೆಸರು ತಂದೆಯದು, ಸ್ವಂತ ಹೆಸರು ತಾಯಿಯ ಕಡೆಯದು. 2020ರ ಚುನಾವಣೆಯ ಹೊತ್ತಿಗೆ ಒಬ್ಬ ಸೆನೆಟರ್ ಸಭೆಯಲ್ಲಿ ಆ ಮೊದಲ ಹೆಸರನ್ನು ತಿರುಚಿ ಹಂಗಿಸಿದಾಗ, ಸಾವಿರಾರು ಜನ ತಮ್ಮ ತಮ್ಮ ಹೆಸರಿನ ಕಥೆಯನ್ನು ಬರೆದು ಉತ್ತರ ಕೊಟ್ಟರು.

ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇರುವ ನಮ್ಮವರು, ಅದರಲ್ಲೂ ಅಲ್ಲಿಯವರನ್ನು ಮದುವೆಯಾದವರು, ಹೆಚ್ಚಾಗಿ ಹಿಡಿಯುವ ದಾರಿ ಬೇರೆ. ಎರಡೂ ಕಡೆ ನಡೆಯುವ ಹೆಸರು ಹುಡುಕುತ್ತಾರೆ: ಮಾಯಾ, ತಾರಾ, ನೀಲ್, ಜಯ್, ಅನಿಕಾ. ಶಾಲೆಯ ಟೀಚರ್ ತಡವರಿಸಬಾರದು, ಊರಿನ ಅಜ್ಜಿಗೂ ಬಾಯಿ ತಿರುಗಬೇಕು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ದಿನಾ ಹಾಜರಿ ಕರೆಯುವಾಗ ತರಗತಿಯ ಮುಂದೆ ತನ್ನ ಹೆಸರು ಮುರಿದು ಬೀಳುವುದನ್ನು ಕೇಳುತ್ತ ಕೂರುವ ಮಗುವಿನ ಸಂಕಟ ಸಣ್ಣದಲ್ಲ. ಆದರೂ ನನ್ನ ಅಭಿಪ್ರಾಯ ಹೇಳಬೇಕು. ಯಾರಿಗೂ ಕಷ್ಟ ಕೊಡದ ಹೆಸರು ಎರಡೂ ಮನೆಗಳಲ್ಲಿ ಯಾರ ನೆನಪನ್ನೂ ಹೊರುವುದಿಲ್ಲ. ಹುಬ್ಬಳ್ಳಿಯ ಮುತ್ತಜ್ಜಿ ಅದರಲ್ಲಿ ಇಲ್ಲ, ಡಬ್ಲಿನ್ನಿನ ಮುತ್ತಜ್ಜಿಯೂ ಇಲ್ಲ. ಳ, ಣ ಇರುವ ಹೆಸರುಗಳು ಹೀಗೆ ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತಿವೆ. ವೇಳಾಂಗಣ್ಣಿಯನ್ನೂ ಮೃಣಾಲಿನಿಯನ್ನೂ ಒಂದು ನಾಲಗೆ ಕಲಿಯಬಲ್ಲದು. ಕಲಿಯಿರಿ ಎಂದು ಕೇಳುವ ಧೈರ್ಯ ಪೋಷಕರಿಗೆ ಬೇಕು.

ನಮ್ಮ ನಾಡಿನೊಳಗೆ ಇದರದೇ ಇನ್ನೊಂದು ರೂಪವಿದೆ. ಸಮಾಜವಾದಿ ಚಳವಳಿಯ ಪ್ರಭಾವದಲ್ಲಿ ಜಾತಿ ಮೀರಿ, ಧರ್ಮ ಮೀರಿ ಮದುವೆಯಾದ ಹಿಂದಿನ ತಲೆಮಾರಿನ ಬಗ್ಗೆ ನನಗೆ ಅಪಾರ ಗೌರವ. ಮನೆಯವರ, ಊರಿನವರ ವಿರೋಧವನ್ನು ಕಟ್ಟಿಕೊಂಡು ಅವರು ಬಾಳಿದರು. ಮಕ್ಕಳಿಗೆ ಜಾತಿ ಸೂಚಿಸದ ಹೆಸರಿಟ್ಟರು. ಆದರೆ ಆ ಹೆಸರುಗಳನ್ನು ಸಾಲಾಗಿ ಬರೆದು ನೋಡಿದರೆ ಬಹುಪಾಲು ಸಂಸ್ಕೃತದವು. ಒಬ್ಬ ಪೋಷಕರು ಕ್ರೈಸ್ತರೋ ಮುಸಲ್ಮಾನರೋ ಆಗಿದ್ದ ಮನೆಯಲ್ಲೂ ‘ಯಾವ ಕಡೆಯದೂ ಅಲ್ಲ’ ಎಂದು ಆರಿಸಿದ ಹೆಸರು ದೊಡ್ಡ ಕಡೆಯದೇ ಆಗಿರುತ್ತಿತ್ತು. ಬೇರೆ ದಾರಿಯೂ ಇತ್ತು. ರೈತ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮಕ್ಕಳು ಚುಕ್ಕಿ, ಪಚ್ಚೆ. ಇಬ್ಬರ ಹೆಸರೂ ಯಾವ ಗುಡಿಗೂ ಯಾವ ಜಾತಿಗೂ ಸೇರದೆ, ಕನ್ನಡ ಆಡುವ ಎಲ್ಲರಿಗೂ ಸೇರುತ್ತದೆ. ಗಂಡ ಹೆಂಡತಿಯ ನಡುವಿನ ಮಾತು ಕನ್ನಡವಾಗಿರುವ ಮನೆಗಳು ಈ ದಾರಿಯನ್ನು ಇನ್ನೂ ಹೆಚ್ಚು ತುಳಿಯಬೇಕೆಂದು ನನ್ನ ಆಸೆ.

ಹಿಂದೂ ಮುಸ್ಲಿಂ ಮನೆಗಳ ಮಾತು ಇಂದು ಎಲ್ಲಕ್ಕಿಂತ ಕಷ್ಟದ್ದು. 2016ರ ಡಿಸೆಂಬರಿನಲ್ಲಿ ಸೈಫ್ ಅಲಿ ಖಾನ್, ಕರೀನಾ ಕಪೂರ್ ದಂಪತಿ ತಮ್ಮ ಕೂಸಿಗೆ ತೈಮೂರ್ ಎಂದು ಹೆಸರಿಟ್ಟರು. ಹುಟ್ಟಿ ಒಂದು ದಿನ ಕಳೆಯುವ ಮುಂಚೆಯೇ ಆ ಕೂಸಿನ ಮೇಲೆ ದೇಶದ ಮೂಲೆಮೂಲೆಯಿಂದ ಬೈಗುಳ ಸುರಿಯಿತು. ಸೋದರತ್ತೆಗೆ, ಅಜ್ಜಿಗೆ ಇದ್ದ ಹಕ್ಕನ್ನು ಗುರುತು ಪರಿಚಯವಿಲ್ಲದವರು ಕಸಿದುಕೊಂಡಂತೆ ಆಗಿತ್ತು. ಅಂದಿನಿಂದ ಎಷ್ಟು ದಂಪತಿಗಳು ತಮಗೆ ಪ್ರೀತಿಯಾದ ಹೆಸರನ್ನು ಬಿಟ್ಟು, ಬಾಡಿಗೆ ಮನೆ ಕೇಳಲು ಹೋದಾಗ ತೊಂದರೆಯಾಗದ ಹೆಸರನ್ನು ಹುಡುಕಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

ಆಗೆಲ್ಲ ನಾನು ರಾಯಚೂರು, ಕೊಪ್ಪಳ, ಗದಗದ ಹಳ್ಳಿಗಳ ಹಾಜರಿ ಪುಸ್ತಕಗಳನ್ನು ನೆನೆಯುತ್ತೇನೆ. ಫಕೀರಪ್ಪ, ಹುಸೇನಪ್ಪ, ಫಕೀರವ್ವ, ಹುಸೇನಮ್ಮ: ಇವರು ಹಿಂದೂ ಮನೆಗಳ ಮಕ್ಕಳು. ಯಾವ ಮಿಶ್ರ ವಿವಾಹವೂ ಇಲ್ಲಿ ನಡೆದಿಲ್ಲ. ಮಕ್ಕಳಾಗದ ತಾಯಿ ಮೊಹರಮ್ಮಿನ ಪಂಜಾದ ಮುಂದೆಯೋ ದರ್ಗಾದಲ್ಲೋ ಹರಕೆ ಹೊತ್ತಳು, ಕೂಸು ಹುಟ್ಟಿತು, ಮಾತು ಉಳಿಸಿಕೊಳ್ಳಲು ಆ ಹೆಸರಿಟ್ಟಳು. ‘ಫಕೀರ’ನಿಗೆ ‘ಅಪ್ಪ’ ಸೇರಿಸುವಾಗ ಅವಳಿಗೆ ಯಾವ ಅಳುಕೂ ಇರಲಿಲ್ಲ. ಎರಡು ಪರಂಪರೆಗಳನ್ನು ಒಂದೇ ಹೆಸರಿನಲ್ಲಿ ಕೂಡಿಸುವ ವಿದ್ಯೆ ಓದಿದವರು ಕಂಡುಹಿಡಿದದ್ದಲ್ಲ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಅದನ್ನು ಮೊದಲೇ ಮಾಡಿಟ್ಟಿದ್ದರು. ಉತ್ತರ ಕನ್ನಡದ ಸಿದ್ದಿಯರದು ಇನ್ನೊಂದು ಬಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಹೆಸರು ಅವರವರ ಧರ್ಮದ್ದು, ಹಿಂದೆ ಬರುವ ‘ಸಿದ್ದಿ’ ಎಲ್ಲರದು.

ನನ್ನ ಮನೆಯ ಮಾತನ್ನೂ ಸ್ವಲ್ಪ ಹೇಳುತ್ತೇನೆ. ನನ್ನ ಪತಿ ಮಂಗಳೂರಿನ ಕೊಂಕಣಿ ಕ್ರೈಸ್ತರು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರು ನಾವು. ಮಗಳು ಹುಟ್ಟಿದಾಗ ನನ್ನ ಅವ್ವನ ಮನಸ್ಸಿನಲ್ಲಿ ಒಂದು ಹೆಸರು, ಅತ್ತೆಯ ಮನಸ್ಸಿನಲ್ಲಿ ತಮ್ಮ ತಾಯಿಯ ಹೆಸರು. ಮಗಳನ್ನು ಕೇಳದೆ ಅವೆರಡನ್ನೂ ಸಭೆಯಲ್ಲಿ ಹೇಳುವುದು ಸರಿಯಲ್ಲ, ಹೇಳುವುದಿಲ್ಲ. ಅಡ್ಡಹೆಸರು ಹೇಗೂ ಗಂಡನ ಮನೆಯದಾದ್ದರಿಂದ ಅವ್ವ ಬಯಸಿದ ಹೆಸರೇ ಇರಲಿ ಎಂದು ನನ್ನ ಪತಿಯೇ ಹೇಳಿದರು. ತೊಟ್ಟಿಲ ದಿನ ಸೋದರತ್ತೆಯಾಗಿ ಬಂದವಳು ನನ್ನ ನಾದಿನಿ. ಇಂಥ ಶಾಸ್ತ್ರವನ್ನು ಅವಳು ಕಂಡವಳೇ ಅಲ್ಲ. ಅವ್ವ ಅವಳ ಕೈಹಿಡಿದು ಮುಂದೆ ತಂದು, ‘ಇದು ನಿಮ್ಮ ಹಕ್ಕರೀ, ನೀವ ಕರೀಬೇಕು’ ಅಂದಳು. ನಾದಿನಿ ಬಾಗಿ ಹೆಸರು ಹೇಳಿದಳು. ಆಮೇಲೆ ತಲೆಯೆತ್ತಿ, ತನ್ನ ಅಜ್ಜಿಯ ಹೆಸರನ್ನೂ ಒಂದು ಸಲ ಹೇಳಲೇ ಎಂದು ಕೇಳಿದಳು. ಅವ್ವ ಒಂದು ಕ್ಷಣವೂ ತಡೆಯಲಿಲ್ಲ: ‘ಹೇಳ್ರಿ, ಕೂಸಿಗೆ ಎರಡು ಕಿವಿ ಅದಾವ.’

ಚರ್ಚಿನ ನಿಯಮದಲ್ಲೂ ಹೀಗೆ ಎರಡು ಹೆಸರಿಗೆ ಎಡೆಯುಂಟು ಎಂದು ತಿಳಿದದ್ದು ಆಮೇಲೆ. 1917ರ ಕ್ಯಾಥೊಲಿಕ್ ನಿಯಮ ಸಂಹಿತೆ ಮಗುವಿಗೆ ಕ್ರೈಸ್ತ ಹೆಸರೇ ಇರಬೇಕೆಂದು ಪಾದ್ರಿಗಳಿಗೆ ಹೇಳುತ್ತಿತ್ತು. ಪೋಷಕರು ಒಪ್ಪದಿದ್ದರೆ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕೆಂದೂ ಹೇಳುತ್ತಿತ್ತು. 1983ರ ಸಂಹಿತೆ, ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಕೇಳುತ್ತದೆ. ಮಂಗಳೂರಿನ ಇಗರ್ಜಿಗಳಲ್ಲಿ ಇಂದು ಪ್ರವೀಣ, ವಿನಯ, ಆಶಾ ಎಂಬ ಹೆಸರಿನವರು ಎಷ್ಟೋ ಜನ.

ಇನ್ನು ಕಾನೂನು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಹೆಸರು ಕೊಡಿ ಎಂದು ಯಾರಾದರೂ ಅವಸರಪಡಿಸಿದರೆ ಇದು ನೆನಪಿರಲಿ. ಮೊದಲು ನಮೂನೆಯಲ್ಲಿ ‘ಕುಟುಂಬದ ಧರ್ಮ’ ಎಂಬ ಒಂದೇ ಅಂಕಣವಿತ್ತು. 2023ರ ತಿದ್ದುಪಡಿಯ ನಂತರ ಕೇಂದ್ರ ಗೃಹ ಸಚಿವಾಲಯ ರೂಪಿಸಿದ ಮಾದರಿ ನಮೂನೆಯಲ್ಲಿ ತಂದೆಯ ಧರ್ಮ, ತಾಯಿಯ ಧರ್ಮ ಬೇರೆ ಬೇರೆ. 2016ರಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ ಒಬ್ಬರ ಹೆಸರೇ ಸಾಕು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಂದೆ ಬದುಕಿರುವಾಗಲೂ ತಾಯಿ ಸಹಜ ಪೋಷಕಿಯಾಗಬಹುದು ಎಂದಿತು. 2022ರ ಅಕೆಲ್ಲಾ ಲಲಿತಾ ಪ್ರಕರಣದಲ್ಲಿ, ಪತಿ ತೀರಿಕೊಂಡ ಮೇಲೆ ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕು ತಾಯಿಗಿದೆ ಎಂದಿತು. 2021ರ ಜಿಗ್ಯಾ ಯಾದವ್ ಪ್ರಕರಣದಲ್ಲಿ, ತನ್ನ ಹೆಸರಿನ ಮೇಲಿನ ಹತೋಟಿ ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಬೆಳೆದ ಮಗು ನಾವಿಟ್ಟ ಹೆಸರನ್ನು ಬದಲಿಸಿಕೊಂಡರೆ ನಾವು ನೋಯಬಾರದು, ಅದು ಅದರ ಹಕ್ಕು.

ಇಲ್ಲಿ ಕೂತಿರುವ ತರುಣ ದಂಪತಿಗಳಲ್ಲಿ ಒಂದು ವಿನಂತಿ ಮಾಡಿಕೊಂಡು ಮುಗಿಸುತ್ತೇನೆ. ಆ 12 ತಿಂಗಳಲ್ಲಿ ಹೆಸರಿನ ಪುಸ್ತಕಗಳನ್ನು ತಿರುವಿಹಾಕುವ ಮುಂಚೆ, ತಾಯಿಯ ತಾಯಿಯ ಹತ್ತಿರ ಕೂತು ಅವರ ತಾಯಿ ಯಾರು, ಅಜ್ಜಿ ಯಾರು, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ, ಬರೆದುಕೊಳ್ಳಿ. ಗಂಡುಮಕ್ಕಳ ಹೆಸರು ಪಹಣಿಯಲ್ಲಿ ಸಿಗುತ್ತದೆ, ವಂಶವೃಕ್ಷದಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳ ಹೆಸರು ಬಹಳ ಮಟ್ಟಿಗೆ ಆ ಒಬ್ಬ ಅಜ್ಜಿಯ ನೆನಪಿನಲ್ಲಿ ಮಾತ್ರ ಇರುತ್ತದೆ, ಅವರಿಗೆ ವಯಸ್ಸಾಗಿರುತ್ತದೆ. ಮಗುವಿನ ಹೆಸರನ್ನು ಆ ಪಟ್ಟಿಯಿಂದ ಆರಿಸಿ. ತಂದೆಯ ಕಡೆಯವರಿಗೂ ಒಂದು ಹೆಸರು ಬೇಕೆನಿಸಿದರೆ ಅದನ್ನೂ ಜೊತೆಗೆ ಬರೆಸಿ. ಜನನ ನೋಂದಣಿಯಲ್ಲಿ ಎರಡು ಪದದ ಹೆಸರಿಗೆ ಅಡ್ಡಿಯಿಲ್ಲ.